ಹದಿನಾಲ್ಕನೆಯ ಪ್ರಶ್ನೆಗೆ ಹುಲಿಗೆಮ್ಮನ ಉತ್ತರ

ಮೊನ್ನೆ ಭಾನುವಾರ ಅಟ್ಟದ ಮೇಲಿನ ಟ್ರಂಕು ಇಳಿಸಿದಾಗ ಹಳೆಯ ಪ್ಯಾಡೊಂದು ಸಿಕ್ಕಿತು. ಪರೀಕ್ಷೆಗೆ ಒಯ್ಯುತ್ತೇವಲ್ಲ, ತಲೆಗೆ ಕಬ್ಬಿಣದ ಕ್ಲಿಪ್ಪು ಇರುವ ರಟ್ಟಿನ ಪ್ಯಾಡು, ಅದು. ಕ್ಲಿಪ್ಪಿಗೆ ತುಕ್ಕು ಹಿಡಿದಿತ್ತು. ಮೇಲೆ ನಾನೇ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ರಾಯಚೂರಿನ ಬೇಸಿಗೆಗಳಿಗೆ ಬೆಂದು ಹಪ್ಪಳದಂತೆ ಮುರುಟಿಕೊಂಡಿತ್ತು. ಅವ್ವ ಅದನ್ನು ನೋಡಿದ್ದೇ, "ಒಲಿಗಿ ಗಾಳಿ ಹಾಕಾಕ ಚೊಲೊ ಆಗ್ತದ, ಕೊಡಿಲ್ಲೆ" ಅಂದಳು. ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಆದರೂ ರಟ್ಟು ಕಂಡರೆ ಅವ್ವನಿಗೆ ಒಲೆಯೇ ನೆನಪಾಗುತ್ತದೆ. ನನಗೆ ಬೇರೆಯದು.

ಈ ಪ್ಯಾಡು ಹಿಡಿದ ಕಾಲದಿಂದ ನನಗೊಂದು ಕೆಟ್ಟ ಚಟ ಅಂಟಿದೆ. ಯಾರಾದರೂ ಯಾವುದಕ್ಕಾದರೂ ಕಾರಣ ಹೇಳಲು ಶುರು ಮಾಡಿದರೆ, ಅವರ ಮಾತು ಮುಗಿಯುವ ಮೊದಲೇ ಅದು ಎಷ್ಟನೆಯ ನಂಬರಿನ ಉತ್ತರ ಎಂದು ತಲೆ ಎಣಿಸಿಬಿಡುತ್ತದೆ. ಹಾಲಿನವನು ಯಾಕೆ ತಡವಾಗಿ ಬಂದ, ಒಂದು. ತಂಗಿ ಯಾಕೆ ಗಂಡನ ಮೇಲೆ ಮುನಿಸಿಕೊಂಡು ಬಂದಳು, ಮೂರು. ತಂಗಿ ಒಮ್ಮೆ ಅಳುತ್ತಲೇ ನನ್ನ ಮುಖ ನೋಡಿ, "ಅಕ್ಕಾ, ನೀ ಕೇಳಾಕತ್ತಿಯೋ ಲೆಕ್ಕ ಹಾಕಾಕತ್ತಿಯೋ?" ಅಂದಿದ್ದಳು. ನಾಚಿಕೆಯಾಯಿತು. ಆದರೆ ಚಟ ಹೋಗಲಿಲ್ಲ.

ನಾನೀಗ ರಾಯಚೂರಿನ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವರ್ಷಗಟ್ಟಲೆ ಇದ್ದರೂ ಅತಿಥಿಯಾಗಿಯೇ ಉಳಿಯುವ ಕೆಲಸ ಇದೊಂದೇ ಇರಬೇಕು. ಈಗಿನ ಬಿ.ಎ. ಹುಡುಗ ಹುಡುಗಿಯರಿಗೂ ಸಂಶೋಧನೆ ಮಾಡಬೇಕೆಂಬ ನಿಯಮ ಬಂದಿದೆ. ಅವರು ಜಾಣರು, ತೀನ್ ಕಂದಿಲ್ ಕಡೆಯ ಜೆರಾಕ್ಸ್ ಅಂಗಡಿಗೆ ಹೋಗಿ ಸಿದ್ಧ ವರದಿಗೆ ತಮ್ಮ ಹೆಸರು ಹಾಕಿಸಿಕೊಂಡು ಬರುತ್ತಾರೆ. ಕಳೆದ ವರ್ಷ ಹಾಗೆ ಬಂದ ಒಂದು ವರದಿಯಲ್ಲಿ ರಾಯಚೂರಿನ ತರಕಾರಿ ಮಾರುವ ಹೆಂಗಸರು ಮೂರನೆಯ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಮೈಸೂರಿನವರಾಗಿಬಿಟ್ಟಿದ್ದರು. ನಾನು ತರಗತಿಯಲ್ಲಿ ಎದ್ದು ನಿಂತು ಬಯ್ಯತೊಡಗಿದೆ. "ಸಂಶೋಧನೆ ಅಂದ್ರ ಸುಳ್ಳು ಬರಿಯೋದಲ್ಲ. ಮಂದಿ ಏನು ಹೇಳ್ತಾರ, ಅದನ್ನ ಇದ್ದಂಗ ಬರಿಯೋದು..." ಅಷ್ಟಕ್ಕೇ ಮಾತು ನಿಲ್ಲಿಸಿದೆ. ನೀರು ಕುಡಿದೆ. ಮಕ್ಕಳು ಬಿಸಿಲಿಗೆ ಹಾಗಾಗಿದೆ ಎಂದುಕೊಂಡರು.

ನಾನು ಬಿ.ಎ. ಮೂರನೆಯ ವರ್ಷದಲ್ಲಿದ್ದಾಗ ಸಮಾಜಶಾಸ್ತ್ರದ ಸುಜಾತಾ ಮೇಡಂ ನನ್ನನ್ನೂ ಫಾತಿಮಾಳನ್ನೂ ಸ್ಟಾಫ್ ರೂಮಿಗೆ ಕರೆದು, "ಕ್ಷೇತ್ರಕಾರ್ಯಕ್ಕ ಬರ್ತೀರೇನು?" ಅಂದಿದ್ದರು. ನನಗೆ ಕ್ಷೇತ್ರ ಎಂದರೆ ದೇವರ ಸ್ಥಳ ಅಂತಷ್ಟೇ ಗೊತ್ತು. ಮೇಡಂ ಯಾವುದೋ ಹರಕೆ ಹೊತ್ತಿದ್ದಾರೆ, ಜೊತೆಗೆ ಇಬ್ಬರು ಬೇಕಾಗಿದ್ದಾರೆ ಎಂದುಕೊಂಡು ತಲೆಯಾಡಿಸಿದೆ. ಫಾತಿಮಾ ಮಾತ್ರ ಹಿಂಜರಿಯುತ್ತ, "ನಾನೂ ಬರಬಹುದೇನ್ರಿ ಮೇಡಂ?" ಎಂದು ಕೇಳಿದಳು. ಮೇಡಂಗೆ ಅರ್ಥವಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ವಿವರಿಸಿದರು. ಹೈಸ್ಕೂಲು ಮುಗಿಸದೆ ಶಾಲೆ ಬಿಟ್ಟ ಹುಡುಗಿಯರ ಬಗ್ಗೆ ಅವರೊಂದು ಅಧ್ಯಯನ ಮಾಡುತ್ತಿದ್ದರು. ದೇವದುರ್ಗ, ಮಾನ್ವಿ ತಾಲ್ಲೂಕಿನ ಕೆಲವು ಊರುಗಳಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಂಡು ಬರಬೇಕು.

ಅವ್ವನಿಗೆ ಫೋನ್ ಮಾಡಿ, "ಸಂಶೋಧನಿ ಮಾಡಾಕತ್ತೀನಿ ಯವ್ವಾ" ಅಂದೆ.

"ಹಂಗಂದ್ರ?"

"ಹುಡುಕೋದು."

"ಏನು ಕಳದದ?" ಅಂದಳು ಅವ್ವ, ಗಾಬರಿಯಿಂದ.

ಮೇಡಂ ನಮಗೆ ತಲಾ ಒಂದು ಪ್ಯಾಡು, ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿ ಕೊಟ್ಟರು. ಮೂರು ಮಾತು ಹೇಳಿದರು: ಗುರುತಿನವರನ್ನು ಕೇಳಬಾರದು, ಉತ್ತರ ನಾವೇ ಹೇಳಿಕೊಡಬಾರದು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು. ಚೀಟಿಯ ಮೇಲೆ ನನ್ನ ಹೆಸರು ದುರ್ಗಾ ಎಂದಿತ್ತು. ಊರಿನಲ್ಲಿ ನಾನು ದುರುಗಮ್ಮ, ದುರುಗಿ. ಹಾಸ್ಟೆಲ್ಲಿಗೆ ಬಂದ ವರ್ಷ ನಾನೇ ಒಂದಿಷ್ಟು ಅಕ್ಷರ ಉದುರಿಸಿಕೊಂಡಿದ್ದೆ.

ಪ್ಯಾಡಿಗೆ ಸಿಕ್ಕಿಸಿದ ಪ್ರಶ್ನಾವಳಿಯಲ್ಲಿ ಹದಿನಾಲ್ಕನೆಯ ಪ್ರಶ್ನೆಯೇ ಮುಖ್ಯವಾದದ್ದು. ಶಾಲೆ ಬಿಡಲು ಮುಖ್ಯ ಕಾರಣವೇನು, ಒಂದಕ್ಕೆ ಮಾತ್ರ ಗುರುತು ಹಾಕಿ. ಬಡತನ, ಮನೆಗೆಲಸ, ಮದುವೆ, ಶಾಲೆ ದೂರ, ಓದಿನಲ್ಲಿ ಆಸಕ್ತಿ ಇಲ್ಲ. ಕೊನೆಗೆ ಆರನೆಯದು, ಇತರೆ. ಇತರೆಯ ಮುಂದೆ ಒಂದು ಗೆರೆ ಎಳೆದಿತ್ತು. ಬೆರಳುದ್ದದ ಗೆರೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮದು ಮಸರಕಲ್ ಕಡೆಯ ಒಂದು ದೊಡ್ಡಿ. ದೊಡ್ಡಿ ಎಂದರೆ ಊರು ಅನ್ನುವಷ್ಟು ಇಲ್ಲದ ಊರು. ಇಪ್ಪತ್ತೋ ಮೂವತ್ತೋ ಮನೆ, ಒಂದು ಬೋರ್‌ವೆಲ್ಲು, ಒಂದು ಸಣ್ಣ ಶಾಲೆ. ಎಂಟನೆಯ ತರಗತಿಗೆ ಮಸರಕಲ್‌ಗೆ ನಡೆದುಹೋಗಬೇಕಾಗಿತ್ತು. ಆ ವರ್ಷ ದೊಡ್ಡಿಯಿಂದ ಹೋಗುತ್ತಿದ್ದವರು ಇಬ್ಬರೇ, ನಾನು ಮತ್ತು ಹುಲಿಗೆಮ್ಮ. ಅವಳ ಅಪ್ಪ ಕುರಿ ಕಾಯುತ್ತಿದ್ದ. ನಮ್ಮಪ್ಪ ಅವ್ವ ಕಂಡವರ ಹೊಲಕ್ಕೆ ಕೂಲಿ ಹೋಗುತ್ತಿದ್ದರು.

ಹುಲಿಗಿ ಶಾಲೆಗೂ ಕೈಯಲ್ಲಿ ಕೋಲು ಹಿಡಿದು ಬರುತ್ತಿದ್ದಳು. ದಾರಿಯಲ್ಲಿ ಹತ್ತಿ ಹೊಲದ ಪಂಪ್‌ಸೆಟ್ ಮನೆ ಹತ್ತಿರ ಎರಡು ನಾಯಿ ಇದ್ದವು. ನನಗೆ ನಾಯಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಅಲ್ಲಿ ಬಂದ ಕೂಡಲೇ ಅವಳು ಮಾತು ನಿಲ್ಲಿಸದೆಯೇ ನನ್ನ ಬಲದಿಂದ ಎಡಕ್ಕೆ ಬರುತ್ತಿದ್ದಳು, ನಾಯಿಗಳ ಕಡೆಗೆ. ಅದು ದಾಟಿದ ಮೇಲೆ ಮತ್ತೆ ಬಲಕ್ಕೆ. ಇನ್ನೂರು ಕುರಿಯಲ್ಲಿ ಒಂದು ಕಡಿಮೆ ಬಂದರೂ ಅವಳ ಕಣ್ಣಿಗೆ ತಿಳಿಯುತ್ತಿತ್ತು. ಗಣಿತದ ಮಾಸ್ತರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಹೇಳುವಳು. ನನಗೆ ಬಾಯಿಪಾಠವಷ್ಟೇ ಬರುತ್ತಿತ್ತು. ನನ್ನ ಲೆಕ್ಕ ಅವಳು ಮಾಡುತ್ತಿದ್ದಳು, ಅವಳ ಪ್ರಬಂಧ ನಾನು ಬರೆಯುತ್ತಿದ್ದೆ. ಹೀಗೆ ಇಬ್ಬರೂ ಸೇರಿ ಒಬ್ಬ ಒಳ್ಳೆಯ ವಿದ್ಯಾರ್ಥಿನಿಯಾಗಿದ್ದೆವು.

ಒಂಬತ್ತನೆಯ ತರಗತಿ ಶುರುವಾಗಿ ಒಂದು ತಿಂಗಳಾಗಿರಬಹುದು. ಸೋದರಮಾವ ಓಡಾಡಿ ರಾಯಚೂರಿನಲ್ಲಿ ನನಗೆ ಹಾಸ್ಟೆಲ್ ಸೀಟು ಕೊಡಿಸಿದ. ಸೋಮವಾರ ಹೊರಡಬೇಕು. ಶನಿವಾರ ಹುಲಿಗಿ ಜೊತೆ ಶಾಲೆಯಿಂದ ನಡೆದು ಬರುವಾಗ ದಾರಿಯುದ್ದಕ್ಕೂ ಮಾತು ತುಟಿಯ ಮೇಲೇ ಇತ್ತು. ಹೇಳಲಿಲ್ಲ. ಹೇಳಿದರೆ ಅವಳು ಅಳುತ್ತಾಳೆ, ನಾನೂ ಅಳುತ್ತೇನೆ, ಅವ್ವ ಕಳಿಸುವುದು ಬೇಡ ಅನ್ನುತ್ತಾಳೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಇನ್ನೊಂದಿತ್ತು. ಅವಳೂ ಸೀಟು ಕೇಳಿಬಿಟ್ಟರೆ? ಗಣಿತದಲ್ಲಿ ಅವಳೇ ಮುಂದಿದ್ದಳು.

ದಸರಾ ರಜೆಗೆ ಊರಿಗೆ ಬಂದಾಗ ಅವ್ವ ಹೇಳಿದಳು: "ನೀ ಹೋದ ಸೋಮಾರ ಹುಲಿಗಿ ಬೇವಿನ ಗಿಡದ ಬುಡಕ ನಿನ್ನ ಹಾದಿ ಕಾದ್ಳು. ಗಂಟಿ ಹೊಡಿಯೋ ಹೊತ್ತಿನ ತನಕ ಕಾದ್ಳು." ಅವಳು ಎಲ್ಲಿ ಎಂದು ಕೇಳಿದ್ದಕ್ಕೆ, "ಕುರಿ ಹಿಂದ ಹೋಗ್ಯಾಳ" ಅಂದಳು. ನಾನು ಹೆಚ್ಚು ಕೇಳಲಿಲ್ಲ. ಮುಂದಿನ ರಜೆಗೆ ಬರುವಷ್ಟರಲ್ಲಿ ಅವಳ ಮನೆಯವರು ಕುರಿ ಮಾರಿ ಮಾನ್ವಿ ಕಡೆ ಕೆಲಸಕ್ಕೆ ಹೋಗಿದ್ದರು. ಅದೂ ನನಗೆ ಒಂದು ಬಗೆಯ ನಿರಾಳವೇ ಆಯಿತು.

ಇರಲಿ. ದೇವದುರ್ಗದ ಊರುಗಳು ಮುಗಿದು ಮಾನ್ವಿಯ ಸರದಿ ಬಂತು. ನಾನೂ ಫಾತಿಮಾಳೂ ಬಸ್ಸಿನಲ್ಲಿ ಮಾನ್ವಿಗೆ ಹೋಗಿ, ಅಲ್ಲಿಂದ ಟಂಟಂ ಆಟೊ ಹತ್ತಿ ಚೀಕಲಪರ್ವಿಗೆ ಹೋದೆವು. ಎರಡೂ ಬದಿಗೆ ಭತ್ತದ ಗದ್ದೆ. ಹತ್ತಿ ತೊಗರಿಯ ನಾಡಿನಿಂದ ಬಂದ ನನಗೆ ಆ ಹಸಿರು ಬೇರೆ ಯಾರದೋ ಮನೆಗೆ ಕೇಳದೆ ಕಾಲಿಟ್ಟಂತೆ ಅನಿಸುತ್ತಿತ್ತು. ಊರು ದಾಟಿ ನದಿಯ ಕಡೆಗೆ ಹೋದರೆ ಕೂಲಿಯವರ ನಾಲ್ಕಾರು ಮನೆ. ಫಾತಿಮಾ ಆ ಸಾಲಿಗೆ ಹೋದಳು, ನಾನು ಈ ಸಾಲಿಗೆ.

ಮೂರನೆಯ ಮನೆಯ ಕಟ್ಟೆಯ ಮೇಲೆ ಒಬ್ಬಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮಗ್ಗುಲಲ್ಲಿ ಇನ್ನೂ ನಡೆಯಲು ಬಾರದ ಹೆಣ್ಣುಕೂಸು. ನಾನು ತಲೆ ತಗ್ಗಿಸಿ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: "ನಾವು ಕಾಲೇಜಿನಿಂದ ಬಂದೀವ್ರಿ, ಒಂದೀಟು ಮಾಹಿತಿ ಬೇಕಾಗಿತ್ತು."

"ದುರುಗಿ ಅಲ್ಲೇನಬೇ ನೀನು?"

ನನ್ನ ಕೈಯ ಪೆನ್ನು ಬಿತ್ತು. ಹುಲಿಗಿ ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕೊರಳಿನ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಒಳಗೆ ಕರೆದು ಕೂರಿಸಿದಳು. ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣಿ ಮಾಡಿ ತಂದಿಟ್ಟಳು. ಗಂಡ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಚೊಲೊ ಮನುಷ್ಯ, ಕೂಸಿನ ಹೆಸರು ಮಂಜುಳಾ ಎಂದೆಲ್ಲ ಹೇಳಿದಳು. ಹಳೆಯದೇನನ್ನೂ ಎತ್ತಲಿಲ್ಲ. ನಾನು ಬೇಗ ಏಳಬೇಕೆಂದು ಪ್ಯಾಡು ಬಗಲಿಗೆ ಹಾಕಿಕೊಂಡೆ.

"ಮತ್ತ ನಂದು ಬರಕೊಳ್ಳಲಿಲ್ಲ?" ಅಂದಳು.

"ಗುರುತಿನವರದು ಬರಕೋಬಾರ್ದಂತ ಹೇಳ್ಯಾರ, ಹುಲಿಗಿ."

"ಆರು ವರ್ಷ ಆತು ನೀ ನನ್ನ ಮಾರಿ ನೋಡಿ. ಎಲ್ಲಿ ಗುರುತದ? ಬರಕೋ."

ಬರೆದುಕೊಂಡೆ. ಹೆಸರು, ವಯಸ್ಸು, ಹೊಲ ಇದೆಯೋ ಇಲ್ಲವೋ. ಹದಿನಾಲ್ಕನೆಯದು ಬಂತು. ಶಾಲೆ ಬಿಡಲು ಮುಖ್ಯ ಕಾರಣವೇನು ಎಂದು ಓದಿದೆ. ಹುಲಿಗಿ ನಕ್ಕಳು.

"ನಿನಗ ಗೊತ್ತಿಲ್ಲೇನು?"

ನಾನು ಕಣ್ಣೆತ್ತದೆ ಐದೂ ಕಾರಣ ಓದಿ ಹೇಳಿದೆ. ಅವಳು ಒಂದೊಂದನ್ನೇ ಕಲ್ಲು ಆರಿಸಿದಂತೆ ಆರಿಸಿ ಹೊರಗೆ ಹಾಕಿದಳು. "ಬಡತನ ಅಂತೀದಿ, ನಮಗಿಂತ ನಿಮ್ಮ ಮನ್ಯಾಗ ಹೆಚ್ಚಿತ್ತು. ಕೆಲಸ ನೀನೂ ಮಾಡ್ತಿದ್ದಿ. ಮದುವಿ ಆಮ್ಯಾಲ ಆತು. ದೂರ ಅಂದ್ರ, ಅಷ್ಟ ದೂರ ಇಬ್ರೂ ನಡದೀವಿ. ಓದಿನ ಮ್ಯಾಲ ಮನಸಿತ್ತೋ ಇಲ್ಲೋ ನೀನ ಹೇಳು." ಆಮೇಲೆ ಕೂಸಿನ ತಲೆ ಸವರುತ್ತ ಅಂದಳು: "ನೀ ಹೋದ ಮ್ಯಾಲ ನಾಕು ದಿನ ಒಬ್ಬಾಕೀನ ಹೋದೆ. ನಾಕನೇ ದಿನ ಹಾದ್ಯಾಗ ಯಾವನೋ ಗಾಡಿ ನಿಂದ್ರಿಸಿ ಮಾತಾಡಿಸಿದ. ಅಪ್ಪ ದೂರದಿಂದ ನೋಡಿದ. ಮುಗೀತು. ಬರಿ. ಜೋಡಿ ಇಲ್ದಕ್ಕ ಅಂತ ಬರಿ. ಜೋಡಿ ಇದ್ದಾಕಿ ಹೇಳಲಾರದ ಹೋದ್ಲು ಅಂತ ಬರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾನು ಆರನೆಯದಕ್ಕೆ ಗುರುತು ಹಾಕಿ, ಗೆರೆಯ ಮೇಲೆ 'ಜೊತೆಗಾರರಿಲ್ಲ' ಎಂದು ಬರೆದೆ. ಅಷ್ಟೇ ಬರೆದೆ.

"ಇದನ್ನ ಎಲ್ಲಿಗಿ ಒಯ್ತಾರ?"

"ವರದಿ ಮಾಡ್ತಾರ. ಸರ್ಕಾರಕ್ಕ ಹೋಗ್ತದ."

"ಹಂಗಾದ್ರ ಇದೂ ಹಾಕು. ಹುಡುಗ್ಯಾರನ್ನ ಕರಕೊಂಡು ಹೋದ್ರ ಇಬ್ಬಿಬ್ರನ್ನ ಕರಕೊಂಡು ಹೋಗ್ರಿ. ಒಬ್ಬಾಕಿನ ಒಯ್ಯಬ್ಯಾಡ್ರಿ ಅಂತ."

ಸಲಹೆ ಬರೆಯಲು ನಮ್ಮ ಪ್ರಶ್ನಾವಳಿಯಲ್ಲಿ ಜಾಗವಿರಲಿಲ್ಲ. ಕೊನೆಯ ಪುಟವನ್ನು ಅವಳ ಕಡೆ ತಿರುಗಿಸಿದೆ. ಹುಲಿಗಿ ಮಾಸ್ತರು ಕಲಿಸಿದ ಅದೇ ದುಂಡು ಅಕ್ಷರದಲ್ಲಿ ಸಹಿ ಮಾಡಿ ಪ್ಯಾಡು ಹಿಂದಿರುಗಿಸಿದಳು.

ಕಾಲೇಜಿಗೆ ಬಂದ ಮೇಲೆ ಉತ್ತರಗಳನ್ನೆಲ್ಲ ನಂಬರು ಮಾಡಿ ಕಂಪ್ಯೂಟರಿಗೆ ತುಂಬುವ ಕೆಲಸ. ಒಂದು ಮಧ್ಯಾಹ್ನ ಮೇಡಂ ನನ್ನ ಪಕ್ಕ ಕುಳಿತು ಪರದೆ ನೋಡುತ್ತ, "ಇತರೆ ಭಾಳ ಕಡಿಮಿ ಅದಾವಲ್ಲ ದುರ್ಗಾ, ಇವನ್ನ ಬ್ಯಾರೆದರಾಗ ಸೇರಿಸಿಬಿಡೋಣ. ಇದೇನಿದು, ಜೊತೆಗಾರರಿಲ್ಲ? ಅಂದ್ರ ಶಾಲಿ ದೂರ ಅಂತನ ಅಲ್ಲ?" ಎಂದು ಕೇಳಿದರು. ಮೇಡಂ ಕೆಟ್ಟವರಲ್ಲ. ತಮ್ಮ ಡಬ್ಬಿಯ ಚಪಾತಿಯಲ್ಲಿ ಎರಡು ನನಗಾಗಿಯೇ ತರುತ್ತಿದ್ದರು. ಅವತ್ತು ಬಾಯಿಬಿಟ್ಟು ಹೇಳಿದ್ದರೆ ಕುರ್ಚಿ ಎಳೆದುಕೊಂಡು ಪೂರ್ತಿ ಕೇಳುತ್ತಿದ್ದರು. ಅದೇ ನನಗೆ ಹೆದರಿಕೆಯಾಗಿತ್ತು.

"ಹೌದ್ರಿ ಮೇಡಂ" ಅಂದೆ. ಆರನ್ನು ಅಳಿಸಿ ನಾಲ್ಕು ಒತ್ತಿದೆ. ಒಂದು ಗುಂಡಿ ಒತ್ತುವಷ್ಟೇ ಕೆಲಸ.

ಆ ವರ್ಷದ ಕೊನೆಗೆ ವಿದ್ಯಾರ್ಥಿಗಳ ವಿಚಾರ ಸಂಕಿರಣವೊಂದರಲ್ಲಿ ಆ ಅಧ್ಯಯನದ ಬಗ್ಗೆ ಮಾತಾಡುವ ಅವಕಾಶವನ್ನು ಮೇಡಂ ನನಗೇ ಕೊಟ್ಟರು. ಫಾತಿಮಾಳ ಒಳ್ಳೆಯ ದುಪಟ್ಟಾ ಇಸಿದುಕೊಂಡು ಹೋದೆ. ಹುಡುಗಿಯರು ಓದು ನಿಲ್ಲಿಸಲು ಶಾಲೆಯ ದೂರವೇ ದೊಡ್ಡ ಕಾರಣ ಎಂದು ತಡವರಿಸದೆ ಹೇಳಿದೆ. ಮುಗಿದ ಮೇಲೆ, ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮಾಸ್ತರೊಬ್ಬರು ಎದ್ದು ನಿಂತರು. "ಅಷ್ಟೇ ದೂರ ನಡದು ಓದಿದೋರೂ ಇರ್ತಾರಲ್ಲಮ್ಮಾ, ಅವರದು ಹೆಂಗ?"

ಸಭೆಯಲ್ಲಿ ಅಂಥವಳು ಒಬ್ಬಳಿದ್ದಳು, ಮೈಕಿನ ಮುಂದೆ. ನಾನು "ಅದು ಅವರವರ ವೈಯಕ್ತಿಕ ಛಲ, ಸರ್" ಅಂದೆ. ಚಪ್ಪಾಳೆ ಹೊಡೆದರು. ಮೇಡಂ ಎಲ್ಲರಿಗಿಂತ ಜೋರಾಗಿ ಹೊಡೆದರು. ಒಂದು ಪ್ರಮಾಣಪತ್ರ ಕೊಟ್ಟರು. ಅದನ್ನು ತೋರಿಸಿಯೇ ಎಂ.ಎ. ಸೇರುವಾಗ ಸಂದರ್ಶನದಲ್ಲಿ ಹೊಗಳಿಸಿಕೊಂಡೆ, ಅದನ್ನು ತೋರಿಸಿಯೇ ಈ ಅತಿಥಿ ಕೆಲಸಕ್ಕೂ ಬಂದೆ. ಚೀಕಲಪರ್ವಿಗೆ ಹೋಗಿ ಹೇಳಿಬರಬೇಕು ಎಂದು ಪ್ರತಿ ಬೇಸಿಗೆ ರಜೆಯಲ್ಲೂ ಅಂದುಕೊಳ್ಳುತ್ತಿದ್ದೆ. ರಾಯಚೂರಿನ ಬಿಸಿಲು ಎಲ್ಲದಕ್ಕೂ ಒಳ್ಳೆಯ ನೆಪ.

ಜೆರಾಕ್ಸ್ ವರದಿಯ ಹುಡುಗರನ್ನು ಬೈಯಲು ಹೋಗಿ ಮಾತು ನಿಂತ ಆ ವಾರವೇ ಕಡೆಗೂ ಹೊರಟೆ. ಹನ್ನೊಂದು ಹನ್ನೆರಡು ವರ್ಷವಾಗಿತ್ತು. ಮನೆ ಅದೇ, ಶೀಟು ಹೋಗಿ ಆರ್‌ಸಿಸಿ ಆಗಿತ್ತು. ಹುಲಿಗಿಯ ಕೂದಲು ಕಿವಿಯ ಬಳಿ ಬೆಳ್ಳಗಾಗಿತ್ತು. ಈ ಸಲ ಅವಳ ಮುಂದೆ ಪ್ಯಾಡಿಲ್ಲದೆ ಕುಳಿತು, ಕುಡಿದ ಚಹಾದ ಲೋಟ ಕೈಯಲ್ಲಿ ತಿರುಗಿಸುತ್ತ ಹೇಳಿದೆ. ಅವತ್ತು ನೀನು ಹೇಳಿದ್ದನ್ನು ಪೂರ್ತಿ ಬರೆಯಲಿಲ್ಲ, ಬರೆದಷ್ಟನ್ನೂ ಆಮೇಲೆ ಬದಲಿಸಿದೆ ಅಂತ.

"ಬದಲಿ ಮಾಡಿದ್ದು ಗೊತ್ತಿರಲಿಲ್ಲ" ಅಂದಳು. "ಪೂರಾ ಬರಿಲಿಲ್ಲ ಅಂಬೋದು ಅವತ್ತ ಗೊತ್ತಿತ್ತು."

"ಹೆಂಗ?"

"ನೀ ಬರಿಯೋದು ನೋಡಾಕತ್ತಿದ್ನಲ್ಲ. ನನಗ ಓದಾಕ ಬರ್ತದಲೇ ದುರುಗಿ."

ಶಾಲೆ ಬಿಟ್ಟವರ ಬಗ್ಗೆ ಅಷ್ಟು ಮನೆ ತಿರುಗಿದ ನನಗೆ, ಎದುರಿಗೆ ಕುಳಿತವಳು ನಾನು ಬರೆದದ್ದನ್ನು ಓದಬಲ್ಲಳು ಎಂಬುದು ಹೊಳೆದೇ ಇರಲಿಲ್ಲ. ಅದೂ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವಳು.

"ಮತ್ತ ಸಹಿ ಯಾಕ ಮಾಡಿದಿ?"

"ನಿನ್ನ ಕೆಲಸ ಕೆಡ್ತದಲ್ಲ ಅಂತ ಮಾಡಿದೆ."

ಅಷ್ಟರಲ್ಲಿ ಮಂಜುಳಾ ಶಾಲೆಯಿಂದ ಬಂದಳು, ಜೊತೆಗೆ ಪಕ್ಕದ ಮನೆಯ ಹುಡುಗಿ. ಇಬ್ಬರೂ ಏಳನೆಯ ತರಗತಿ. ಮುಂದಿನ ಓದಿಗೆ ಮಾನ್ವಿಗೆ ಹೋಗಬೇಕು. ಆ ಹುಡುಗಿಯ ಮನೆಯಲ್ಲಿ ದಿನಾ ಬಸ್ಸಿಗೆ ಕಳಿಸಲು ಒಪ್ಪುವುದಿಲ್ಲ, ಹಾಸ್ಟೆಲ್ ಸಿಕ್ಕರೆ ಮಾತ್ರ ಕಳಿಸುತ್ತಾರೆ ಎಂದು ಹುಲಿಗಿ ಹೇಳಿದಳು. ನನಗೆ ಕತ್ತಲೆಯಲ್ಲಿ ಬಾಗಿಲು ಸಿಕ್ಕಂತಾಯಿತು. "ರಾಯಚೂರಾಗ ನಾನದೀನಿ. ಮಂಜುಳಾಗ ಹಾಸ್ಟೆಲ್ ನಾ ಮಾಡಿಸ್ತೀನಿ" ಅಂದೆ.

ಉತ್ತರ ಕೊಟ್ಟವಳು ಮಂಜುಳಾ. "ಆಕಿಗಿ ಸಿಕ್ರ ನಾನೂ ಬರ್ತೀನ್ರಿ."

ಎರಡು ಅರ್ಜಿ ತಂದೆ. ನಾನೇ ತುಂಬಿದೆ, ನಾನೇ ಕೊಟ್ಟು ಬಂದೆ, ಗುರುತಿದ್ದವರನ್ನೆಲ್ಲ ಹೋಗಿ ಕಂಡೆ. ಈ ಜೂನ್‌ನಲ್ಲಿ ಪಟ್ಟಿ ಹಾಕಿದರು. ಮಂಜುಳಾಳ ಹೆಸರಿತ್ತು. ಇನ್ನೊಬ್ಬಳದು ಇರಲಿಲ್ಲ. ಮೂರು ಸಲ ಓದಿದೆ. ಆಫೀಸಿನಲ್ಲಿ ಕೇಳಿದರೆ ಜಾಗವಿಲ್ಲ, ಮುಂದಿನ ವರ್ಷ ನೋಡೋಣ ಅಂದರು.

ಹುಲಿಗಿಗೆ ಫೋನ್ ಮಾಡಿ ಹೇಳಿದೆ. ಅವಳು ಫೋನು ಕೆಳಗಿಟ್ಟು ಮಗಳನ್ನು ಕೇಳಿದಳು. ಹುಡುಗಿಯ ದನಿ ಕೇಳಿಸಿತು, ಮಾತು ತಿಳಿಯಲಿಲ್ಲ.

"ಒಲ್ಲೆ ಅಂತಾಳ" ಅಂದಳು ಹುಲಿಗಿ.

"ನೀ ತಿಳಿಸಿ ಹೇಳು. ಒಂದು ವರ್ಷದ ಮಾತು. ಮುಂದಿನ ವರ್ಷ ಆಕಿನೂ ಬರ್ತಾಳ. ಇಂಥದ್ದಕ್ಕ ಸೀಟು ಬಿಡಬಾರ್ದು ಹುಲಿಗಿ."

"ನೀವು ಕಲ್ತೋರು. ನೀವು ಹೇಳೋದು ಖರೇನ ಇರ್ತದ" ಅಂದಳು. "ಬ್ಯಾಡ ಬಿಡ್ರಿ, ಮೇಡಂ."

ಹುಲಿಗಿ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಆಮೇಲೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮಾನ್ವಿಯಿಂದ ದಿನಾ ಓಡಾಡುವ ನನ್ನ ವಿದ್ಯಾರ್ಥಿನಿಯೊಬ್ಬಳು ಆ ಕಡೆಯವಳು; ಅವಳನ್ನೇ ವಿಚಾರಿಸಿದೆ. ಈಗ ಭತ್ತದ ನಾಟಿ ನಡೆದಿದೆಯಂತೆ. ಇಬ್ಬರು ಹುಡುಗಿಯರೂ ಶಾಲೆಯ ಹೊತ್ತಿಗೆ ಒಟ್ಟಿಗೇ ಗದ್ದೆಗೆ ಹೋಗುತ್ತಾರಂತೆ.